700 ಡಾಲರಿಗೆ ಮೊದಲ ರೈಫಲ್: ಎಆರ್-15, ಎಸ್‌ಕೆಎಸ್, ಇಲ್ಲಾ .22?

ಪ್ರಶ್ನೆ: ನಾವು ಟೆಕ್ಸಸ್‌ನ ಫ್ರಿಸ್ಕೋದಲ್ಲಿದ್ದೇವೆ. ಊರು ಕೊಪ್ಪದ ಕಡೆ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಅಜ್ಜನ ಮನೆಯಲ್ಲಿ ಕೇಪಿನ ಕೋವಿ ಇತ್ತು, ಆದರೆ ನಾನು ಅದನ್ನು ಮುಟ್ಟಿದವನಲ್ಲ. ಇಲ್ಲಿ ಆಫೀಸಿನ ಗೆಳೆಯರು ಶನಿವಾರ ಶೂಟಿಂಗ್ ರೇಂಜಿಗೆ ಹೋಗ್ತಾರೆ. ಒಬ್ಬನ ಮಾವನ ರ್ಯಾಂಚಿನಲ್ಲಿ ಕಾಡುಹಂದಿ ಕಾಟ ಇದೆ, ಮುಂದೆ ಅಲ್ಲಿಗೂ ಹೋಗುವ ಆಸೆ. ಒಂದು ಸೆಮಿ-ಆಟೋಮ್ಯಾಟಿಕ್ ರೈಫಲ್ ಕೊಳ್ಳಬೇಕು ಅಂತಿದ್ದೇನೆ. ಎಲ್ಲಾ ಸೇರಿ 700 ಡಾಲರ್ ದಾಟುವಂತಿಲ್ಲ. ಒಬ್ಬ ಗೆಳೆಯ ಸೈನ್ಯದ ರೈಫಲ್ ತರಹ ಕಾಣುವ ಎಆರ್-15 ಅಂತಾನೆ, ಇನ್ನೊಬ್ಬ ಸೈನ್ಯದ ಹಳೇ ರೈಫಲ್ ಎಸ್‌ಕೆಎಸ್ ಅಗ್ಗ ಅಂತಾನೆ, ಮೂರನೆಯವನು ಸಣ್ಣ ಗುಂಡಿನ .22 ಸಾಕು ಅಂತಾನೆ. ಮನೆಯಲ್ಲಿ 7 ವರ್ಷದ ಮಗಳಿದ್ದಾಳೆ. ಡಿಸೆಂಬರಿನಲ್ಲಿ ಒಂದು ತಿಂಗಳು ಊರಿಗೆ ಹೋಗ್ತೇವೆ, ಅದಕ್ಕೆ ಮುಂಚೆ ಕೊಳ್ಳಬಹುದಾ?

ಉತ್ತರ: ಮೂರನೇ ಗೆಳೆಯನ ಮಾತು ಕೇಳಿ. ಮತ್ತೆ ಕೊಳ್ಳುವುದೇನಿದ್ದರೂ ಊರಿಂದ ವಾಪಸ್ ಬಂದ ಮೇಲೆ ಕೊಳ್ಳಿ. ಬೀಗ ಹಾಕಿದ ಮನೆಯಲ್ಲಿ ಹೊಸ ರೈಫಲ್ ಒಂದು ತಿಂಗಳು ಸುಮ್ನೆ ಬಿದ್ದಿರುವುದು ಯಾಕೆ?

ಇದನ್ನು ಹೇಳುವ ನಾನೇ ಮೊದಲ ಸಲ ಎಡವಿದವನು. ಈಗ ವಾರಾಂತ್ಯದಲ್ಲಿ ಹೊಸಬರಿಗೆ ಗುರಿ ಹೊಡೆಯುವುದನ್ನು ಹೇಳಿಕೊಡ್ತೇನೆ. ಆದರೆ ಮೊದಲ ರೈಫಲ್ ಕೊಳ್ಳುವಾಗ ನನಗೂ ಏನೂ ಗೊತ್ತಿರಲಿಲ್ಲ. ಕೈಯಲ್ಲಿದ್ದ ದುಡ್ಡನ್ನೆಲ್ಲ ಒಂದು ಎಆರ್ ಮೇಲೆ, ಅದರ ಮೇಲೆ ಕೂರಿಸಿದ ಅಗ್ಗದ ಸ್ಕೋಪ್ (ಗುರಿ ನೋಡುವ ದುರ್ಬೀನು) ಮೇಲೆ ಸುರಿದೆ. ಮನೆಗೆ ಬಂದು ನೋಡಿದರೆ ಗುಂಡು ಕೊಳ್ಳಲು ದುಡ್ಡಿಲ್ಲ. ಮೊದಲ ವರ್ಷದಲ್ಲಿ ನಾನು ಹೊಡೆದದ್ದು ನೂರು ಗುಂಡಿಗಿಂತ ಕಡಿಮೆ. ಸ್ಕೋಪ್ ಪ್ರತಿ ಸಲ ಗುರಿ ತಪ್ಪಿ ಕೂರುತ್ತಿತ್ತು. ತಪ್ಪು ನನ್ನದೋ ಸ್ಕೋಪಿನದೋ ಅಂತ ತಿಳಿಯುವಷ್ಟು ಅಭ್ಯಾಸವೂ ಇರಲಿಲ್ಲ. ಆಮೇಲೆ ಒಬ್ಬ ಹಿರಿಯರು ತಮ್ಮ ಹಳೇ .22 ಕೈಗೆ ಕೊಟ್ಟು, ಒಂದು ಡಬ್ಬಿ ಗುಂಡು ಮುಂದಿಟ್ಟು, ಪಕ್ಕದಲ್ಲಿ ಕೂತರು. ನಾನು ಕಲಿತದ್ದು ಆವತ್ತು.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ 700 ಡಾಲರಿನಲ್ಲಿ ರೈಫಲ್ ಒಂದೇ ಬರುವುದಲ್ಲ. ಟೆಕ್ಸಸ್‌ನ ಹೆಚ್ಚಿನ ಊರುಗಳಲ್ಲಿ ಸೇಲ್ಸ್ ಟ್ಯಾಕ್ಸ್ 8.25%. ಆನ್‌ಲೈನಲ್ಲಿ ಕೊಂಡರೂ ರೈಫಲ್ ಮನೆಗೆ ಬರುವುದಿಲ್ಲ. ಲೈಸೆನ್ಸ್ ಇರುವ ಅಂಗಡಿಗೆ ಬರುತ್ತದೆ, ಆ ಅಂಗಡಿಯವರು ಅದಕ್ಕೆ ಬೇರೆ ಫೀ ತಗೋತಾರೆ. ಕಿವಿಗೆ, ಕಣ್ಣಿಗೆ ರಕ್ಷಣೆ ಬೇಕು. ಮನೆಯಲ್ಲಿ ಮಗು ಇರುವುದರಿಂದ ಬೀಗ ಹಾಕುವ ಉಕ್ಕಿನ ಕಪಾಟು ಬೇಕೇ ಬೇಕು. ಒರೆಸಲು ಕಿಟ್ ಬೇಕು, ಗುಂಡು ಬೇಕು, ರೇಂಜಿನ ಫೀ ಬೇಕು.

ಒಂದು ಸಾಧಾರಣ ಎಆರ್ 550 ಡಾಲರ್ ಅಂದುಕೊಳ್ಳಿ. ಟ್ಯಾಕ್ಸ್ ಸೇರಿ 595 ಆಯ್ತು. ಕಿವಿ-ಕಣ್ಣಿಗೆ 60. ಉಳಿದದ್ದು 45 ಡಾಲರ್. ಅದರ ಗುಂಡು ಒಂದಕ್ಕೆ ಹೆಚ್ಚುಕಡಿಮೆ ಅರ್ಧ ಡಾಲರ್, ಅಂದರೆ 90 ಗುಂಡು. ಅಷ್ಟು ಶನಿವಾರ ಬೆಳಿಗ್ಗೆ ಕಾಫಿ ಆರುವುದರೊಳಗೆ ಮುಗಿಯುತ್ತದೆ. ಕಪಾಟಿಗೆ ಒಂದು ಪೈಸೆ ಉಳಿಯಲಿಲ್ಲ.

ಅದೇ ಒಂದು .22 ರೈಫಲ್ 300 ಡಾಲರ್ ಆಸುಪಾಸು. ಟ್ಯಾಕ್ಸ್ ಸೇರಿ 325. ಕಿವಿ-ಕಣ್ಣಿಗೆ 60, ಕಪಾಟಿಗೆ 120, ಒರೆಸುವ ಕಿಟ್ಟಿಗೆ 25, ಸಾವಿರ ಗುಂಡಿಗೆ 80. ಒಟ್ಟು 610. ಇನ್ನೂ 90 ಡಾಲರ್ ಕೈಯಲ್ಲಿದೆ, ಅದು ರೇಂಜಿಗೂ ಒಂದು ತರಬೇತಿಗೂ ಆಗುತ್ತದೆ. ಬೆಲೆ ವಾರವಾರಕ್ಕೂ ಸ್ವಲ್ಪ ಏರಿ ಇಳಿಯುತ್ತದೆ, ಆದರೆ ಇವೆರಡರ ನಡುವಿನ ಅಂತರ ಹಾಗೇ ಇರುತ್ತದೆ.

ಯಾವ .22 ಅಂತ ಕೇಳಿದರೆ, ರೂಗರ್ 10/22. ಹೆಚ್ಚು ಯೋಚಿಸಬೇಡಿ. 1964ರಿಂದ ಮಾಡ್ತಿದ್ದಾರೆ, ಲಕ್ಷಗಟ್ಟಲೆ ಮಾರಾಟವಾಗಿದೆ. ಹತ್ತು ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜೀನ್, ರೈಫಲಿನ ಹೊಟ್ಟೆಯೊಳಗೇ ಕೂರುತ್ತದೆ, ಹೊರಗೆ ಚಾಚಿಕೊಂಡಿರುವುದಿಲ್ಲ. ತೂಕ ಸುಮಾರು ಎರಡೂಕಾಲು ಕಿಲೋ. ಸ್ಪ್ಲೆಂಡರ್ ಬೈಕಿದ್ದ ಹಾಗೆ: ಪಾರ್ಟ್ ಎಲ್ಲಾ ಕಡೆ ಸಿಗುತ್ತೆ, ರಿಪೇರಿ ಎಲ್ಲರಿಗೂ ಗೊತ್ತು, ಹತ್ತು ವರ್ಷದ ಮೇಲೆ ಮಾರಿದರೂ ದುಡ್ಡು ತೀರಾ ಕಳೆದುಕೊಳ್ಳುವುದಿಲ್ಲ. ಮರದ ಹಿಡಿ ಇರುವ ಸಾದಾ ಕಾರ್ಬೈನ್ (ಸ್ವಲ್ಪ ಗಿಡ್ಡ ರೈಫಲ್) ತಗೊಳ್ಳಿ. ಗುರಿ ನೋಡಲು ಅದರ ಮೇಲೆ ಇರುವ ಸಾದಾ ಕಬ್ಬಿಣದ ಮುಳ್ಳಿನಿಂದಲೇ ಆರು ತಿಂಗಳು ಹೊಡೆಯಿರಿ. ಸ್ಕೋಪ್ ಆಮೇಲೆ.

ಎಆರ್ ತರಹ ಕಾಣುವ .22 ಬೇಕು ಅಂದರೆ ಸ್ಮಿತ್ ಅಂಡ್ ವೆಸನ್ ಕಂಪನಿಯ ಎಂ ಅಂಡ್ ಪಿ 15-22 ಇದೆ. ಸೇಫ್ಟಿ ಲಿವರ್, ಮ್ಯಾಗಜೀನ್ ಬಿಚ್ಚುವ ಗುಂಡಿ ಎಲ್ಲಾ ಎಆರ್‌ನಲ್ಲಿ ಇರುವ ಜಾಗದಲ್ಲೇ ಇವೆ. ಮುಂದೆ ಎಆರ್ ಕೊಳ್ಳುವುದು ಖಂಡಿತ ಅಂತಿದ್ದರೆ ಇದೂ ಒಳ್ಳೇ ಲೆಕ್ಕ, ಕೈಗೆ ಅಭ್ಯಾಸವಾಗಿರುತ್ತದೆ. ಬೆಲೆ ಮಾತ್ರ 10/22ಗಿಂತ ಜಾಸ್ತಿ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಮಾರ್ಲಿನ್ ಮಾಡೆಲ್ 60 ಕಂಡರೆ ಅದನ್ನೂ ಒಮ್ಮೆ ಎತ್ತಿ ನೋಡಿ. 1960ರಿಂದ ಲಕ್ಷಗಟ್ಟಲೆ ಅಮೆರಿಕದ ಮಕ್ಕಳು ಅದರಲ್ಲೇ ಕಲಿತಿದ್ದಾರೆ. ಗುಂಡು ನಳಿಗೆಯ ಕೆಳಗಿನ ಕೊಳವೆಯಲ್ಲಿ ತುಂಬುವುದು, ಹಾಗಾಗಿ ಅದನ್ನು ಖಾಲಿ ಮಾಡಿದ್ದೇವಾ ಅಂತ ಹೊಸಬರಿಗೆ ಗಲಿಬಿಲಿಯಾಗುತ್ತದೆ. ಅದೊಂದೇ ನನ್ನ ತಕರಾರು.

“.22 ಮಕ್ಕಳಾಟ” ಅಂತ ಗೆಳೆಯರು ನಗಬಹುದು. ನಗಲಿ ಬಿಡಿ. ಹೊಸಬರ ದೊಡ್ಡ ಶತ್ರು ಬೆಚ್ಚಿಬೀಳುವುದು. ದೊಡ್ಡ ರೈಫಲ್ ಹೆಗಲಿಗೆ ಒದೆಯುತ್ತದೆ, ಕಿವಿಗೆ ಬಡಿಯುತ್ತದೆ. ಹತ್ತನೇ ಗುಂಡಿನ ಹೊತ್ತಿಗೆ ಟ್ರಿಗರ್, ನಮ್ಮ ಕಡೆ ಹೇಳುವ ಕುದುರೆ, ಎಳೆಯುವ ಮುಂಚೆಯೇ ಕಣ್ಣು ಮುಚ್ಚಿ ಹೆಗಲು ಮುಂದಕ್ಕೆ ತಳ್ಳಲು ಶುರುವಾಗುತ್ತದೆ. ಈ ಚಟ ಹತ್ತಿದರೆ ಬಿಡಿಸಲು ವರ್ಷ ಬೇಕು. .22ರಲ್ಲಿ ಒದೆತ ಇಲ್ಲವೇ ಇಲ್ಲ ಅನ್ನಬಹುದು. ಉಸಿರು, ಗುರಿ, ಬೆರಳು, ಈ ಮೂರರ ಕಡೆ ಮಾತ್ರ ಗಮನ ಇರುತ್ತದೆ. 200 ಡಾಲರಿಗೆ ಎಆರ್‌ನಲ್ಲಿ 400 ಗುಂಡು, .22ರಲ್ಲಿ 2500 ಗುಂಡು. ಯಾವುದರಲ್ಲಿ ಕೈ ಪಳಗುತ್ತದೆ ಅಂತ ನೀವೇ ಹೇಳಿ.

ಹಾಗಂತ .22 ಆಟಿಕೆ ಅಂದುಕೊಳ್ಳಬೇಡಿ. ಅದರ ಗುಂಡು ಒಂದು ಮೈಲಿಗೂ ಹೆಚ್ಚು ದೂರ ಹೋಗಬಲ್ಲದು. ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಹೊಡೆಯುವ ಹಾಗಿಲ್ಲ. ಕುದುರೆ ಎಳೆದರೂ ಗುಂಡು ಹಾರದಿದ್ದರೆ ರೈಫಲನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ಆಮೇಲೆ ತೆಗೆಯಿರಿ. ಶಬ್ದ ಎಂದಿಗಿಂತ ಕಡಿಮೆ ಬಂದರೆ, ‘ಪುಸ್’ ಅಂದರೆ, ಅಲ್ಲಿಗೇ ನಿಲ್ಲಿಸಿ. ನಳಿಗೆಯಲ್ಲಿ ಗುಂಡು ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳಬಹುದು. ರೇಂಜಿನ ಸಿಬ್ಬಂದಿಯನ್ನು ಕರೆಯಿರಿ, ಅವರೇನೂ ನಗುವುದಿಲ್ಲ.

.22 ಗುಂಡಿನ ಬಗ್ಗೆ ಒಂದು ಮಾತು. ಸೆಮಿ-ಆಟೋಮ್ಯಾಟಿಕ್ ಅಂದರೆ ಪ್ರತಿ ಸಲ ಕುದುರೆ ಎಳೆದರೆ ಒಂದೇ ಗುಂಡು, ಆದರೆ ಮುಂದಿನ ಗುಂಡನ್ನು ರೈಫಲ್ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಬೇಕಾದ ಶಕ್ತಿ ಹಾರಿದ ಗುಂಡಿನಿಂದಲೇ ಬರಬೇಕು. ತೀರಾ ಅಗ್ಗದ, ಬಕೆಟ್ಟಿನಲ್ಲಿ ಸುರಿದು ಮಾರುವ ಗುಂಡಿನಲ್ಲಿ ಆ ಶಕ್ತಿ ಒಂದರಲ್ಲಿ ಇರುತ್ತೆ, ಇನ್ನೊಂದರಲ್ಲಿ ಇರಲ್ಲ. ರೈಫಲ್ ಕೆಟ್ಟಿದೆ ಅಂತ ಹೊಸಬರು ಗಾಬರಿಯಾಗ್ತಾರೆ. ಸಿಸಿಐ ಮಿನಿ-ಮ್ಯಾಗ್ ಅನ್ನುವ ಒಳ್ಳೇ ಗುಂಡಿನ ಒಂದು ಡಬ್ಬಿ ಯಾವಾಗಲೂ ಜೊತೆಯಲ್ಲಿರಲಿ. ಅದರಲ್ಲಿ ಸರಿಯಾಗಿ ಓಡಿದರೆ ರೈಫಲ್ ಸರಿ ಇದೆ, ಗುಂಡೇ ಸರಿ ಇಲ್ಲ ಅಂತ ಗೊತ್ತಾಗುತ್ತದೆ.

ಈಗ ಎಸ್‌ಕೆಎಸ್. ನಿಮ್ಮ ಗೆಳೆಯ ಹೇಳ್ತಿರುವುದು 90ರ ದಶಕದ ಕಥೆ. ಆಗ ಚೀನಾದಿಂದ ಈ ರೈಫಲ್ ಹಡಗುಗಟ್ಟಲೆ ಬರುತ್ತಿತ್ತು, ನೂರು ಡಾಲರ್ ಒಳಗೇ ಸಿಗುತ್ತಿತ್ತು. 1994ರಲ್ಲಿ ಚೀನಾದ ಬಂದೂಕುಗಳ ಆಮದು ನಿಲ್ಲಿಸಿದರು. ಈಗ ಅದೇ ಹಳೇ ಸರಕಿಗೆ 500 ಡಾಲರಿಗೂ ಮೇಲೆ ಕೇಳ್ತಾರೆ, ಸಂಗ್ರಹ ಮಾಡುವವರು ಕೊಡ್ತಾರೆ. ಅದರ 7.62x39 ಗುಂಡು ಅಗ್ಗ ಅನ್ನುವ ಮಾತೂ ಹಳೆಯದಾಯ್ತು. ಆ ಅಗ್ಗಕ್ಕೆ ಕಾರಣ ರಷ್ಯಾದ ಉಕ್ಕಿನ ತೋಟಾ. 2021ರಲ್ಲಿ ಅಮೆರಿಕ ಸರ್ಕಾರ ರಷ್ಯಾದ ಗುಂಡುಗಳ ಹೊಸ ಆಮದಿಗೆ ತಡೆ ಹಾಕಿದ ಮೇಲೆ ಆ ಬೆಲೆ ಹೋಯ್ತು. ಎಸ್‌ಕೆಎಸ್ ಗಟ್ಟಿಮುಟ್ಟು ರೈಫಲ್, ನನಗೂ ಇಷ್ಟ. ಆದರೆ ದಶಕಗಳ ಹಿಂದಿನ ಸೈನ್ಯದ ಸರಕು ಕೊಂಡು, ಯಾರೋ ಬಳಿದ ಗ್ರೀಸ್ ಕರಗಿಸಿ, ಒಳಗಿನ ಸವಕಲು ಪತ್ತೆ ಮಾಡುವುದು ಮೊದಲ ರೈಫಲಿಗೆ ಬೇಡ. ಬೆಲೆಯೂ ಎಆರ್ ಹತ್ತಿರಕ್ಕೇ ಬಂದ ಮೇಲೆ ಇನ್ನೇನು ಲಾಭ?

ಒಂಬತ್ತು ಎಂಎಂ ಪಿಸ್ತೂಲಿನ ಗುಂಡು ಹಾರಿಸುವ ಕಾರ್ಬೈನ್‌ಗಳೂ ಇವೆ, ರೂಗರ್ ಪಿಸಿ ಕಾರ್ಬೈನ್ ತರಹದವು. ಮನೆಯಲ್ಲಿ ಒಂಬತ್ತು ಎಂಎಂ ಪಿಸ್ತೂಲ್ ಇರುವವರಿಗೆ ಒಂದೇ ಗುಂಡು ಎರಡಕ್ಕೂ ಆಗುತ್ತದೆ. ನಿಮಗೆ ಬೇಡ.

ಎಆರ್ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡೋಣ, ಯಾಕೆಂದರೆ ನೀವು ಒಂದಲ್ಲ ಒಂದು ದಿನ ಅಲ್ಲಿಗೆ ಬಂದೇ ಬರ್ತೀರಿ. ಎಆರ್ ಅಂದರೆ ಆರ್ಮಲೈಟ್ ರೈಫಲ್, ಇದನ್ನು ಮೊದಲು ಮಾಡಿದ ಕಂಪನಿಯ ಹೆಸರು ಅದು. ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ರೂಪಿಸಿದ ಯಂತ್ರ. 1959ರಲ್ಲಿ ಅದರ ಹಕ್ಕನ್ನು ಕೋಲ್ಟ್ ಕಂಪನಿ ಕೊಂಡಿತು. 70ರ ದಶಕದಲ್ಲಿ ಪೇಟೆಂಟ್ ಮುಗಿದ ಮೇಲೆ ಯಾರು ಬೇಕಾದರೂ ಮಾಡಬಹುದು ಅಂತಾಯ್ತು. ಇವತ್ತು ಹತ್ತಾರು ಕಂಪನಿ ಮಾಡ್ತಾವೆ, ಬಹುತೇಕ ಒಬ್ಬರ ಪಾರ್ಟ್ ಇನ್ನೊಬ್ಬರದಕ್ಕೆ ಕೂರುತ್ತದೆ. ಈ ಪೈಪೋಟಿಯಿಂದಲೇ ಬೆಲೆ ಇಳಿದದ್ದು. ರೂಗರ್ ಮಿನಿ-14 ಇದೇ ಅಳತೆಯ ಗುಂಡು ಹಾರಿಸುತ್ತದೆ, ನೋಡಲೂ ಚೆಂದ. ಆದರೆ ಒಬ್ಬರೇ ಮಾಡುವುದರಿಂದ ಸಾವಿರ ಡಾಲರ್ ದಾಟುತ್ತದೆ. ಬಜೆಟ್ ಕಮ್ಮಿ ಇರುವವರಿಗೆ ದೊಡ್ಡ ರೈಫಲುಗಳಲ್ಲಿ ಎಆರ್‌ನಷ್ಟು ಬೆಲೆಗೆ ತಕ್ಕ ಮಾಲು ಬೇರೆ ಇಲ್ಲ, ಇದನ್ನು ಒಪ್ಪಲೇಬೇಕು.

500ರಿಂದ 750 ಡಾಲರ್ ಒಳಗೆ ರೂಗರ್ ಕಂಪನಿಯ ಎಆರ್, ಸ್ಮಿತ್ ಅಂಡ್ ವೆಸನ್‌ನ ಎಂ ಅಂಡ್ ಪಿ15 ಸ್ಪೋರ್ಟ್, ಸೌತ್ ಕ್ಯಾರೊಲೈನಾದ ಪಾಲ್ಮೆಟೋ ಸ್ಟೇಟ್ ಆರ್ಮರಿಯ ರೈಫಲುಗಳು ಸಿಗುತ್ತವೆ. ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಅಂಗಡಿಯಲ್ಲಿ ಕೈಗೆ ತಗೊಂಡಾಗ ಬಣ್ಣ ನೋಡಬೇಡಿ. ನಳಿಗೆ 16 ಇಂಚಾದರೂ ಇರಬೇಕು, ಅದಕ್ಕಿಂತ ಗಿಡ್ಡ ಇದ್ದರೆ 1934ರ ಕಾನೂನಿನಡಿ ಬೇರೆಯೇ ನೋಂದಣಿ ಬೇಕು. ನಳಿಗೆಯ ಒಳಗೆ ಕ್ರೋಮ್ ಲೇಪ ಅಥವಾ ಉಕ್ಕಿನ ಮೇಲ್ಮೈ ಗಟ್ಟಿ ಮಾಡುವ ನೈಟ್ರೈಡ್ ಮಾಡಿರಬೇಕು, ತುಕ್ಕು ಹಿಡಿಯದೆ ತುಂಬಾ ದಿನ ಬರುತ್ತದೆ. ಬೋಲ್ಟಿನ ನೆತ್ತಿಯ ಮೇಲೆ ಗ್ಯಾಸ್ ಕೀ ಅಂತ ಒಂದು ಚಿಕ್ಕ ಕೊಳವೆ, ಅದನ್ನು ಹಿಡಿದ ಎರಡು ಸ್ಕ್ರೂ ಇರುತ್ತವೆ. ಆ ಸ್ಕ್ರೂಗಳ ಅಂಚಿಗೆ ಲೋಹವನ್ನು ಚಾಣದಿಂದ ಒತ್ತಿ ಕೂರಿಸಿದ ಗುರುತು ಇರಬೇಕು. ಇಲ್ಲದಿದ್ದರೆ ಸ್ಕ್ರೂ ಸಡಿಲವಾಗಿ ರೈಫಲ್ ನಿಂತುಹೋಗಬಹುದು. ಅಗ್ಗದ ಮಾಲಿನಲ್ಲಿ ಕೆಲಸಗಳ್ಳತನ ಮೊದಲು ಕಾಣುವುದು ಇಲ್ಲಿಯೇ.

ನಳಿಗೆಯ ಮೇಲೆ ಏನು ಕೆತ್ತಿದೆ ಅಂತಲೂ ಓದಿ. 5.56, .223 ಎರಡೂ ಎಆರ್ ಗುಂಡಿನ ಅಳತೆಗಳು. 5.56 ಅಂತಿದ್ದರೆ ಅದರಲ್ಲಿ .223 ಗುಂಡನ್ನೂ ಹೊಡೆಯಬಹುದು. ಬರೀ .223 ಅಂತಿದ್ದರೆ 5.56 ಹಾಕಬಾರದು, ಒತ್ತಡ ಜಾಸ್ತಿಯಾಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ .300 ಬ್ಲ್ಯಾಕೌಟ್ ಅನ್ನುವ ಗುಂಡು. ಅದು ಎಆರ್‌ನ ಅದೇ ಮ್ಯಾಗಜೀನಿನಲ್ಲಿ ಕೂರುತ್ತದೆ, 5.56 ನಳಿಗೆಯೊಳಗೂ ನುಗ್ಗಬಹುದು. ಹೊಡೆದರೆ ರೈಫಲ್ ಕೈಯಲ್ಲೇ ಸಿಡಿಯುತ್ತದೆ. ಗೆಳೆಯರ ಗುಂಡು ನಿಮ್ಮ ಗುಂಡು ಒಂದೇ ಮೇಜಿನ ಮೇಲೆ ಬೆರೆಯಲು ಬಿಡಬೇಡಿ. ಪಾರ್ಟ್ ತಂದು ಮನೆಯಲ್ಲೇ ಜೋಡಿಸಿದರೆ ನೂರು ಡಾಲರ್ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ, ಮೊದಲ ರೈಫಲಿಗೆ ಆ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಹಂದಿಗೆ .22 ಆಗಲ್ವಾ ಅಂತ ಕೇಳ್ತೀರಿ. ಆಗಲ್ಲ. ಗಾಯವಾಗಿ ಪೊದೆಗೆ ನುಗ್ಗಿದ ಹಂದಿ ಏನು ಅಂತ ಕೊಪ್ಪದವರಿಗೆ ನಾನು ಹೇಳಬೇಕಾ? ಟೆಕ್ಸಸ್‌ನಲ್ಲಿ ಇಂಥ ಕಾಡುಹಂದಿ 20 ಲಕ್ಷಕ್ಕೂ ಹೆಚ್ಚಿವೆ ಅನ್ನುವ ಅಂದಾಜಿದೆ. 2019ರ ಸೆಪ್ಟೆಂಬರಿನಿಂದ ಖಾಸಗಿ ಜಮೀನಿನಲ್ಲಿ, ಜಮೀನಿನವರ ಒಪ್ಪಿಗೆ ಇದ್ದರೆ, ಅವುಗಳನ್ನು ಹೊಡೆಯಲು ಬೇಟೆ ಲೈಸೆನ್ಸೂ ಬೇಕಿಲ್ಲ. ಎಆರ್‌ನ ಚಿಕ್ಕ ಗುಂಡಿನಲ್ಲೂ ಹಂದಿ ಬೀಳುತ್ತದೆ, ಆದರೆ ಹತ್ತಿರದಿಂದ, ಬೇಟೆಗೆಂದೇ ಮಾಡಿದ ಮೆತ್ತನೆ ಮೂತಿಯ ಗುಂಡಿನಿಂದ, ಸರಿಯಾದ ಜಾಗಕ್ಕೆ ಬಿದ್ದರೆ ಮಾತ್ರ. ಅಂದರೆ ಮತ್ತೆ ಅಭ್ಯಾಸದ ಮಾತಿಗೇ ಬಂತು. ಮೊದಲ ವರ್ಷ ರ್ಯಾಂಚಿಗೆ ಹೋಗಿ, ಗೆಳೆಯನ ಮಾವ ಹೊಡೆಯುವುದನ್ನು ನೋಡಿ, ಹಂದಿ ಹೊರಲು ಕೈ ಕೊಡಿ. ಎರಡನೇ ವರ್ಷ ನಿಮ್ಮ ಎಆರ್ ತಗೊಂಡು ಹೋಗಿ. ಲೈಸೆನ್ಸ್ ಬೇಕಿಲ್ಲದಿದ್ದರೂ ಟೆಕ್ಸಸ್‌ನ ಬೇಟೆಗಾರರ ತರಬೇತಿ ಮಾಡಿಕೊಳ್ಳಿ, ದೊಡ್ಡವರು ಆನ್‌ಲೈನಲ್ಲೇ ಮುಗಿಸಬಹುದು. ಮುಂದೆ ಜಿಂಕೆ ಬೇಟೆಗೆ ಹೋಗುವುದಾದರೆ ಅದು ಹೇಗೂ ಬೇಕು.

ಗುರಿ ಕಲಿಯಲು ಪ್ರಾಜೆಕ್ಟ್ ಆಪಲ್‌ಸೀಡ್ ಅಂತ ಒಂದಿದೆ. ಸ್ವಯಂಸೇವಕರೇ ಎರಡು ದಿನ ರೈಫಲ್ ಹೊಡೆಯುವುದನ್ನು ಕಲಿಸ್ತಾರೆ, ನಡುನಡುವೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಥೆ ಹೇಳ್ತಾರೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಇರುವುದು 10/22. ದೇಶದ ಬೇರೆ ಬೇರೆ ಕಡೆ ನಡೆಯುತ್ತದೆ, ಟೆಕ್ಸಸ್‌ನಲ್ಲೂ ಇದೆ. ಎರಡನೇ ದಿನ ಸಂಜೆಗೆ ಮೊಣಕೈ ತರಚಿರುತ್ತದೆ, ಆದರೆ ಗುಂಡುಗಳು ಒಂದು ರೂಪಾಯಿ ನಾಣ್ಯದ ಸುತ್ತಮುತ್ತ ಬೀಳಲು ಶುರುವಾಗಿರುತ್ತವೆ.

ಇನ್ನು ಕಾಗದಪತ್ರ. ನಮ್ಮವರು ಎಡವುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಓದಿ. ಗ್ರೀನ್ ಕಾರ್ಡ್ ಬಂದ ಮೇಲೆ ಕೇಳಿದಿರಲ್ಲ, ಒಳ್ಳೇದಾಯ್ತು. ಎಚ್-1ಬಿ (ಕೆಲಸದ ವೀಸಾ), ಎಫ್-1 (ವಿದ್ಯಾರ್ಥಿ ವೀಸಾ), ವಿಸಿಟರ್ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಇಟ್ಟುಕೊಳ್ಳುವುದು ಅಂದರೆ ಕೊಳ್ಳುವುದಷ್ಟೇ ಅಲ್ಲ, ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹತ್ತು ನಿಮಿಷ ಹಿಡಿಯುವುದೂ ಅದರಲ್ಲೇ ಬರುತ್ತದೆ. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಾಗ ರೇಂಜಿಗೆ ಕರ್ಕೊಂಡು ಹೋಗಿ, ಅಪ್ಪನ ಕೈಗೆ ರೈಫಲ್ ಕೊಟ್ಟು ಫೋಟೋ ತೆಗೆದು ಹಾಕುವವರನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ತೊಳೆಸಿದಂತಾಗುತ್ತದೆ. ನಿಮ್ಮ ಟೀಮಿನಲ್ಲಿ ಎಚ್-1ಬಿ ಹುಡುಗರಿದ್ದರೆ ಅವರಿಗೂ ಹೇಳಿ. ಅವರಲ್ಲೊಬ್ಬ “ನಂಗೊಂದು ನಿಮ್ಮ ಹೆಸರಲ್ಲಿ ತಗೊಳ್ಳಿ ಅಣ್ಣಾ, ದುಡ್ಡು ಕೊಡ್ತೀನಿ” ಅಂದರೆ ಖಡಾಖಂಡಿತ ಬೇಡ ಅನ್ನಿ. ಅದಕ್ಕೆ ಜೈಲೂ ಇದೆ, ನಿಮ್ಮ ಗ್ರೀನ್ ಕಾರ್ಡೂ ಹೋಗಬಹುದು.

ಅಂಗಡಿಯಲ್ಲಿ 4473 ಅನ್ನುವ ಫಾರಂ ತುಂಬಬೇಕು. ಡ್ರೈವಿಂಗ್ ಲೈಸೆನ್ಸಿನಲ್ಲಿ ಈಗಿನ ಮನೆ ವಿಳಾಸ ಇರಬೇಕು, ಇಲ್ಲದಿದ್ದರೆ ಆ ವಿಳಾಸ ಇರುವ ಬೇರೆ ಸರ್ಕಾರಿ ದಾಖಲೆ ಜೊತೆಗಿರಬೇಕು, ಅಪಾರ್ಟ್‌ಮೆಂಟ್ ಬದಲಿಸಿ ಲೈಸೆನ್ಸ್ ಬದಲಿಸದವರು ಇಲ್ಲೇ ವಾಪಸ್ ಬರ್ತಾರೆ. ಗ್ರೀನ್ ಕಾರ್ಡ್ ತಗೊಂಡು ಹೋಗಿ, ಅದರ ಮೇಲಿನ ನಂಬರ್ ಬೇಕಾಗುತ್ತದೆ. ಹೆಸರನ್ನು ಐಡಿಯಲ್ಲಿ ಇರುವ ಹಾಗೇ ಪೂರ್ತಿ ಬರೆಯಿರಿ. ನಮ್ಮವರ ಹೆಸರಿನ ಗೋಜಲು ಗೊತ್ತಲ್ಲ, ಕೆಲವರಿಗೆ ಬರೀ ಇನಿಶಿಯಲ್, ಕೆಲವರಿಗೆ ನಡುವಿನ ಹೆಸರೇ ಇಲ್ಲ. ದಾಖಲೆಯಲ್ಲೇ ಇನಿಶಿಯಲ್ ಮಾತ್ರ ಇದ್ದರೆ ಅದರ ನಂತರ ‘ಐಓ’ ಅಂತ, ನಡುವಿನ ಹೆಸರು ಇಲ್ಲದಿದ್ದರೆ ‘ಎನ್‌ಎಂಎನ್’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು, ಫಾರಂ ಜೊತೆಗಿನ ಸೂಚನೆಯಲ್ಲೇ ಇದೆ. ಗಾಂಜಾ ಬಗ್ಗೆ ಒಂದು ಪ್ರಶ್ನೆ ಇರುತ್ತದೆ. ಕೊಲರಾಡೋದಲ್ಲಿ ಅದು ಕಾನೂನುಬದ್ಧ ಅನ್ನುವುದು ಈ ಫಾರಮ್ಮಿಗೆ ಲೆಕ್ಕಕ್ಕಿಲ್ಲ. ಸುಳ್ಳು ಬರೆದರೆ ಅದೇ ಬೇರೆ ಅಪರಾಧ.

ಫಾರಂ ಆದ ಮೇಲೆ ಅಂಗಡಿಯವರು ಎಫ್‌ಬಿಐನ ನಿಕ್ಸ್ ವ್ಯವಸ್ಥೆಯಲ್ಲಿ ನಿಮ್ಮ ಹೆಸರು ಪರಿಶೀಲಿಸ್ತಾರೆ. ಹೆಚ್ಚಿನ ಸಲ ಕೆಲವೇ ನಿಮಿಷ. ಗೌಡ, ಕುಮಾರ್, ರಾವ್ ತರಹ ಸಾವಿರ ಜನಕ್ಕೆ ಇರುವ ಹೆಸರಾದರೆ ‘ತಡ’ ಅಂತ ಬರಬಹುದು. ಗಾಬರಿಯಾಗಬೇಡಿ, ಅದು ನಿರಾಕರಣೆ ಅಲ್ಲ. ಪ್ರತಿ ಸಲ ಹೀಗೇ ಆದರೆ ಎಫ್‌ಬಿಐಗೆ ಅರ್ಜಿ ಹಾಕಿ ಯುಪಿನ್ ಅನ್ನುವ ಖಾಯಂ ನಂಬರ್ ಪಡೆಯಬಹುದು, ಮುಂದಿನ ಸಲ ಅದನ್ನು ಫಾರಮ್ಮಿನಲ್ಲಿ ಬರೆದರೆ ಆಯ್ತು.

ನೀವು ಐಟಿಯವರು ಅಂದುಕೊಂಡಿದ್ದೇನೆ. ನಾಳೆ ಕೆಲಸ ಸಿಯಾಟಲ್‌ಗೋ ನ್ಯೂಜೆರ್ಸಿಗೋ ಬೇ ಏರಿಯಾಗೋ ಎಳೆದುಕೊಂಡು ಹೋಗಬಹುದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಮೇರಿಲ್ಯಾಂಡ್, ಇಲಿನಾಯ್, ವಾಷಿಂಗ್ಟನ್ ಇಲ್ಲೆಲ್ಲ ಎಆರ್ ತರಹದ ರೈಫಲುಗಳ ಮೇಲೆ ಬಿಗಿ ಕಾನೂನಿದೆ. ಇಲಿನಾಯ್, ವಾಷಿಂಗ್ಟನ್ ಎರಡರಲ್ಲೂ ಬಂದದ್ದು 2023ರಲ್ಲಿ. ಫ್ರಿಸ್ಕೋದಲ್ಲಿ ಕೊಂಡ ಎಆರ್ ಅನ್ನು ಸುಮ್ನೆ ಮೂವರ್ಸ್ ಲಾರಿಗೆ ಹಾಕಿ ಕಳಿಸುವ ಹಾಗಿಲ್ಲ, ಮಾರಿಯೇ ಹೋಗಬೇಕಾಗಬಹುದು. ಮರದ ಹಿಡಿಯ, ಹತ್ತು ಗುಂಡಿನ 10/22ಗೆ ಆ ತಲೆನೋವು ತೀರಾ ಕಡಿಮೆ. ಹೊಸ ರಾಜ್ಯದ ಕಾಗದಪತ್ರ, ನೋಂದಣಿ ಏನಿದೆಯೋ ಅದನ್ನು ಮಾತ್ರ ನೋಡಿಕೊಳ್ಳಬೇಕು. .22 ಕಡೆಗೆ ನಾನು ವಾಲಲು ಇದೂ ಒಂದು ಕಾರಣ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು, ತಪ್ಪಿಲ್ಲ. ಆದರೆ ಅಂಗಡಿಯಲ್ಲೇ ಕೊಳ್ಳಿ. ಪರಿಚಯದವರಿಂದ ತಗೊಂಡರೂ ಅಂಗಡಿಗೆ ಹೋಗಿ, ಫೀ ಕೊಟ್ಟು, ಪರಿಶೀಲನೆ ಮಾಡಿಸಿ ವರ್ಗಾಯಿಸಿಕೊಳ್ಳಿ. ಟೆಕ್ಸಸ್ ಕಾನೂನು ಇದನ್ನು ಕೇಳುವುದಿಲ್ಲ, ನಾನು ಕೇಳ್ತೇನೆ. ಆ ರೈಫಲಿನ ಹಿಂದಿನ ಚರಿತ್ರೆ ನಿಮಗೇನು ಗೊತ್ತು?

ಮಗಳ ವಿಷಯ. ಟೆಕ್ಸಸ್‌ನಲ್ಲಿ 17ರ ಒಳಗಿನ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಇಟ್ಟರೆ ಅದು ಅಪರಾಧ. ಕಾನೂನು ಬಿಡಿ, 7 ವರ್ಷದ ಮಗುವಿಗೆ ಅಟ್ಟದ ಮೇಲಿನ ಚಕ್ಕುಲಿ ಡಬ್ಬಿ ಎಲ್ಲಿದೆ ಅಂತ ಗೊತ್ತಿರುತ್ತದೆ. ರೈಫಲ್ ಖಾಲಿ ಮಾಡಿ ಉಕ್ಕಿನ ಕಪಾಟಿನಲ್ಲಿ, ಗುಂಡು ಬೇರೆ ಬೀಗದಲ್ಲಿ, ಬೀಗದ ಕೈ ನಿಮ್ಮಿಬ್ಬರ ಬಳಿ ಮಾತ್ರ. ಹೊಸ ರೈಫಲ್ ಡಬ್ಬಿಯಲ್ಲಿ ಸಾಮಾನ್ಯವಾಗಿ ಒಂದು ಬೀಗ ಬರುತ್ತದೆ. ಪ್ರಾಜೆಕ್ಟ್ ಚೈಲ್ಡ್‌ಸೇಫ್ ಯೋಜನೆಯಲ್ಲಿ ಎಷ್ಟೋ ಪೊಲೀಸ್ ಠಾಣೆಗಳು ಕೇಬಲ್ ಬೀಗವನ್ನು ಪುಕ್ಕಟೆ ಕೊಡುತ್ತವೆ, ಕೇಳಿ ನೋಡಿ. ಇನ್ನೊಂದು ಮಾತು ಹೇಳಲು ಹಿಂಜರಿಕೆ, ಆದರೂ ಹೇಳ್ತೇನೆ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಜೀವ ತೆಗೆದುಕೊಂಡವರು. ಕೆಲಸ ಹೋದಾಗ, ಮನಸ್ಸು ಕುಗ್ಗಿದಾಗ, ಮನೆಯಲ್ಲಿ ಯಾರಿಗಾದರೂ ಹಾಗಾದಾಗ, ರೈಫಲನ್ನು ಕೆಲವು ತಿಂಗಳು ಮನೆಯಿಂದ ಹೊರಗಿಡಿ. ಇದನ್ನು ಕೊಳ್ಳುವ ಮುಂಚೆಯೇ ಹೆಂಡತಿಯ ಜೊತೆ ಮಾತಾಡಿಕೊಳ್ಳಿ.

ಹಾಂ, ಡಿಸೆಂಬರ್ ಪ್ರಯಾಣ. ರೈಫಲನ್ನು ಊರಿಗೆ ಒಯ್ಯುವ ಯೋಚನೆ ನಿಮಗಿಲ್ಲ ಅಂದುಕೊಂಡಿದ್ದೇನೆ. ಎಆರ್ ತರಹದ ಸೆಮಿ-ಆಟೋಮ್ಯಾಟಿಕ್ ರೈಫಲ್ ಭಾರತದಲ್ಲಿ ಸಾಮಾನ್ಯ ಲೈಸೆನ್ಸಿಗೆ ಸಿಗುವಂಥದ್ದಲ್ಲ, ಅಜ್ಜನ ಕೋವಿಯ ಲೆಕ್ಕವೇ ಬೇರೆ. ನನಗೆ ಭಯ ಇರುವುದು ರೈಫಲ್ ಬಗ್ಗೆ ಅಲ್ಲ, ಬ್ಯಾಗಿನ ಬಗ್ಗೆ. ರೇಂಜಿಗೆ ಒಯ್ದ ಬ್ಯಾಗಿನ ಮೂಲೆಯಲ್ಲಿ ಒಂದು .22 ಗುಂಡು ಉಳಿದಿರುತ್ತದೆ, ಕಡಲೆಬೀಜದಷ್ಟು ಗಾತ್ರ, ಕಣ್ಣಿಗೆ ಬೀಳುವುದಿಲ್ಲ. ಅದೇ ಬ್ಯಾಗ್ ತಗೊಂಡು ವಿಮಾನ ಹತ್ತಿ, ಬೆಂಗಳೂರಿನಿಂದ ವಾಪಸ್ ಬರುವಾಗ ಸ್ಕ್ಯಾನಿಂಗಿನಲ್ಲಿ ಸಿಕ್ಕರೆ ಆರ್ಮ್ಸ್ ಆಕ್ಟ್ ಕೇಸು, ಪೊಲೀಸ್ ಠಾಣೆ, ತಪ್ಪಿದ ಫ್ಲೈಟು. ಈಗ ಗೆಳೆಯರ ಜೊತೆ ರೇಂಜಿಗೆ ಹೋಗುವಾಗಲೇ ಅದಕ್ಕೆಂದು ಒಂದು ಅಗ್ಗದ ಬ್ಯಾಗ್ ಇಡಿ, ಕೆಂಪು ಬಣ್ಣದ್ದಾದರೆ ಒಳ್ಳೇದು. ಅದು ಕಾರಿನ ಡಿಕ್ಕಿಯಿಂದ ಕಪಾಟಿಗೆ, ಕಪಾಟಿನಿಂದ ಡಿಕ್ಕಿಗೆ ಹೋಗಬೇಕು, ಬೇರೆಲ್ಲಿಗೂ ಅಲ್ಲ. ಈಗಾಗಲೇ ಆಫೀಸ್ ಬ್ಯಾಗ್ ಒಯ್ದಿದ್ದರೆ ಇವತ್ತೇ ತಲೆಕೆಳಗೆ ಮಾಡಿ ಕೊಡವಿ.